ಗೋಕಾಕದ ಗಿರಣಿ ಉಪಕಾರವಲ್ಲ, ವ್ಯಾಪಾರ

ಬ್ರಿಟಿಷರು ಬಾರದಿದ್ದರೆ ನಮಗೆ ರೈಲು ಬರುತ್ತಿತ್ತೆ, ಗಿರಣಿ ಬರುತ್ತಿತ್ತೆ, ಕರೆಂಟು ಬರುತ್ತಿತ್ತೆ? ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. 2014ರಲ್ಲಿ ಯೂಗವ್ ಸಂಸ್ಥೆ ಬ್ರಿಟನ್ನಿನ ಜನರನ್ನು ಕೇಳಿದಾಗ ಶೇ. 59ರಷ್ಟು ಮಂದಿ ತಮ್ಮ ಸಾಮ್ರಾಜ್ಯ ಹೆಮ್ಮೆಪಡುವಂಥದ್ದು ಎಂದಿದ್ದರು. ಮರುವರ್ಷ ಆಕ್ಸ್‌ಫರ್ಡ್ ಯೂನಿಯನ್ ಚರ್ಚೆಯಲ್ಲಿ ಶಶಿ ತರೂರ್ ಆ ಹೆಮ್ಮೆಯನ್ನು ಪ್ರಶ್ನಿಸಿ ಪರಿಹಾರದ ಮಾತೆತ್ತಿದರು. ಅಲ್ಲಿಂದ ವಾದ ಇನ್ನಷ್ಟು ಬಿಸಿಯಾಯಿತು. ಉಪಕಾರದ ಪರ ವಾದಿಸುವವರಿಗೆ ಬೆಳಗಾವಿ ಜಿಲ್ಲೆಯಲ್ಲಿ ಗೋಕಾಕ ಫಾಲ್ಸಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಘಟಪ್ರಭೆ ಸುಮಾರು 170 ಅಡಿ ಧುಮುಕುವಲ್ಲಿ 1885ರಲ್ಲಿ ಗಿರಣಿಯ ಕಂಪನಿ ಸ್ಥಾಪನೆಯಾಯಿತು, 1887ರಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ದೇಶದ ಮೊದಲ ವಿದ್ಯುತ್ತು ಇಲ್ಲೇ ಹುಟ್ಟಿತು ಎಂದು ಅಭಿಮಾನದಿಂದ ಹೇಳುವವರೂ ಇದ್ದಾರೆ.

ಗಿರಣಿ ಬಂದದ್ದು ನಿಜ. ಆದರೆ ಅದಕ್ಕೂ ಮೊದಲು ಏನೇನು ಬಂತು ಎಂಬುದನ್ನು ಬಿಟ್ಟು ಹೇಳುವ ಕಥೆ ಸುಳ್ಳಿನಷ್ಟೇ ಅಪಾಯಕಾರಿ.

ಮೊದಲು ಬಂದದ್ದು ಸ್ನೇಹ. 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಮನ್ರೋ ಪೇಶ್ವೆಯವರಿಂದ ಬೆಳಗಾವಿ ಕೋಟೆ ಗೆದ್ದಾಗ ಕಿತ್ತೂರು ಕಂಪನಿಯ ಜೊತೆಗಿತ್ತು. ಆರೇ ವರ್ಷದಲ್ಲಿ, ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ ಕೂಡಲೇ, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ಡಾಲ್‌ಹೌಸಿಯ ಹೆಸರಿನಲ್ಲಿ ಶಾಲೆಯಲ್ಲಿ ಓದುವ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯನ್ನು ಕಿತ್ತೂರು ಆತ ಭಾರತಕ್ಕೆ ಬರುವ 24 ವರ್ಷ ಮೊದಲೇ ಅನುಭವಿಸಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನವರೊಡನೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಬಿತ್ತು. 1827ರ ಹೊತ್ತಿಗೆ ಕೊಲ್ಹಾಪುರದಿಂದ ಚಿಕ್ಕೋಡಿ, ಮನೋಳಿ ಕಿತ್ತುಕೊಂಡಾಗಿತ್ತು. 1836ರಲ್ಲಿ ಅದರ ಒಡೆಯ ಗೋವಿಂದರಾಯರು ತೀರಿಕೊಂಡ ಮೇಲೆ ಗೋಕಾಕ ಸೀಮೆಯೂ ಕಂಪನಿಯ ಪಾಲಾಯಿತು. ಪ್ರತಿ ಸಾವೂ ಒಂದು ಅವಕಾಶ.

ಆಮೇಲೆ ಬಂದದ್ದು ಕಾಗದ. ಇನಾಮು ಭೂಮಿಗಳ ಸನದು ತೋರಿಸಿ ಎಂಬ ವಿಚಾರಣೆಯನ್ನು ಮುಂಬಯಿ ಸರಕಾರ 1843ರಲ್ಲಿ ಶುರು ಮಾಡಿದ್ದೇ ನಮ್ಮ ದಕ್ಷಿಣ ಮರಾಠಾ ಸೀಮೆಯಲ್ಲಿ. 1852ರಲ್ಲಿ ಅದಕ್ಕೆ ಕಾಯ್ದೆಯ ಬಲ ಸಿಕ್ಕಿತು. ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಲೆಕ್ಕದಂತೆ, ಮೊದಲ ಐದು ವರ್ಷಗಳಲ್ಲಿ ಪರಿಶೀಲಿಸಿದ ಸುಮಾರು 35,000 ಹಿಡುವಳಿಗಳಲ್ಲಿ ಐದರಲ್ಲಿ ಮೂರು ಪಾಲು ಜಪ್ತಿಯಾದವು. ಹುಕ್ಕೇರಿಯ ಪಕ್ಕದ ಗಡಹಿಂಗ್ಲಜ ಸೀಮೆಯಲ್ಲಿ ಸಾಮಾನಗಡದ ಕೋಟೆ ಕಾಯುವ ಗಡಕರಿಗಳು ತಮ್ಮ ಚಾಕರಿ ಜಮೀನು ಹೋದೀತೆಂದು 1844ರಲ್ಲಿ ದಂಗೆ ಎದ್ದದ್ದು ಇಂಥ ಭಯದಿಂದಲೇ. ಆ ಇನಾಮುಗಳ ವ್ಯವಸ್ಥೆ ನ್ಯಾಯವಾಗಿತ್ತು ಎಂದು ಯಾರೂ ಹೇಳಬೇಕಿಲ್ಲ. ಉಳುವವನ ಬೆನ್ನ ಮೇಲೆ ಅದೂ ಭಾರವೇ. ಆದರೆ ಜಪ್ತಿಯಾದ ಇನಾಮಿನ ಕಂದಾಯ ಉಳುವವನಿಗೆ ಉಳಿಯಲಿಲ್ಲ, ಕಂಪನಿಯ ಬೊಕ್ಕಸ ಸೇರಿತು.

ಕೊನೆಗೆ ಉಳಿದದ್ದು ಆಯುಧ. 1857ರ ನಿಃಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಊರನ್ನು ನವೆಂಬರ್ ಕೊನೆಯಲ್ಲಿ ಸುಟ್ಟರು. ಮುಂದಾಳುಗಳಾದ ಜಡಗ, ಬಾಲರೂ ಸೇರಿ 19 ಮಂದಿಯನ್ನು ಗಲ್ಲಿಗೇರಿಸಿದರು. ಮೂಡಲಗಿಯಿಂದ ಹಲಗಲಿ ದೂರವೇನಲ್ಲ. ಆ ಊರಿನ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಫ್ಲೀಟ್. ಆ ಕೆಲಸದ ಋಣ ಕನ್ನಡಿಗರ ಮೇಲಿದೆ. ಅದರಿಂದ ಗಲ್ಲುಗಳ ಲೆಕ್ಕ ಚುಕ್ತಾ ಆಗುವುದಿಲ್ಲ.

ಇಷ್ಟೆಲ್ಲ ಏಕೆ? ಉತ್ತರ ನಮ್ಮ ಹೊಲದಲ್ಲೇ ಬೆಳೆಯುತ್ತಿತ್ತು: ಹತ್ತಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲ್ಯಾಂಕಶೈರಿನ ಮಗ್ಗಗಳು ನಿಂತಾಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. ಮುಂಬಯಿಯ ವರ್ತಕರಿಗೂ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕನ್ನಡಿಗರನ್ನು ಹರಿದು ಹಂಚಿದ ಗಡಿಗಳಲ್ಲಿ ಒಂದನ್ನು ಎಳೆದದ್ದು ಹತ್ತಿಯ ಲೆಕ್ಕಾಚಾರ! 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು, ಸಾಲ ಮಾಡಿ ಬಿತ್ತಿದ ರೈತ ಏಕಾಂಗಿಯಾದ.

ಹನ್ನೊಂದು ವರ್ಷದಲ್ಲಿ ಬರ ಬಂತು. 1876-78ರ ಆ ಬರದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಅಳತೆಗೆ ಇಳಿಸಿದವನು ಸರಕಾರದ ಅಧಿಕಾರಿ ರಿಚರ್ಡ್ ಟೆಂಪಲ್. ಬರದ ನಡುವೆಯೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಗೋಕಾಕದ ಪೂರ್ವಕ್ಕಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ 8.16 ಲಕ್ಷ, 1881ರಲ್ಲಿ 6.38 ಲಕ್ಷ. ಸಾಮ್ರಾಜ್ಯದ ಲಾಭನಷ್ಟ ತೂಗುವವರು ಈ ಎರಡು ಅಂಕಿಗಳನ್ನು ಮೊದಲು ತಕ್ಕಡಿಗೆ ಹಾಕಲಿ.

ಗಿರಣಿ ಎದ್ದದ್ದು ಇದಾದ ಮೇಲೆ. 1885ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ಯುರೋಪಿನ ದೇಶಗಳು ಆಫ್ರಿಕದವರನ್ನು ಕೇಳದೆಯೇ ಆಫ್ರಿಕವನ್ನು ಹಂಚಿಕೊಳ್ಳುವ ನಿಯಮಗಳಿಗೆ ಸಹಿ ಹಾಕಿದವು. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸೇನೆ ಬರ್ಮಾದ ಮಂಡಲೆ ಹೊಕ್ಕಿತು. ಅದೇ ವರ್ಷ ಗೋಕಾಕದ ಕಂಪನಿ. ಬಂಡವಾಳ ಹೋದಲ್ಲೆಲ್ಲ ಹಾದಿ ಸಮ ಮಾಡಿಕೊಟ್ಟಿದ್ದು ಸೇನೆ. ಅಷ್ಟಾದರೂ ಭಾರತದ ಗಿರಣಿಗಳಿಗೆ ಸಮಪಂಕ್ತಿ ಸಿಗಲಿಲ್ಲ. ಲ್ಯಾಂಕಶೈರಿನ ಒತ್ತಡಕ್ಕೆ 1882ರಲ್ಲಿ ಬಟ್ಟೆಯ ಆಮದು ಸುಂಕ ರದ್ದಾಯಿತು. ಹಣದ ಅಡಚಣೆಯಿಂದ ಸುಂಕವನ್ನು ಮತ್ತೆ ಹಾಕಬೇಕಾಗಿ ಬಂದಾಗ, 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೂ ಅಷ್ಟೇ, ಅಂದರೆ ಶೇ. 3.5ರ ಅಬಕಾರಿ ಸುಂಕ ಹೇರಿದರು. ಅದು 1925ರವರೆಗೆ ಉಳಿಯಿತು. ಅಭಿವೃದ್ಧಿ ಮಾಡಲು ಬಂದವರು ತಾವಿರುವ ನೆಲದ ಉದ್ಯಮಕ್ಕೇ ಈ ಹಗ್ಗ ಬಿಗಿಯುತ್ತಾರೆಯೆ?

ಕರೆಂಟಿನ ಮಾತಿಗೂ ಉತ್ತರವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗೆ. ಗೋಕಾಕದ ನೀರಿನ ಬಲವೂ ಗಿರಣಿಯ ಆವರಣದೊಳಗೇ ದುಡಿಯಿತು. ಹುಕ್ಕೇರಿಯ ಹಳ್ಳಿಗಳಿಗೆ ಕರೆಂಟು ಹಂಚುವ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದು 1969ರಲ್ಲಿ, ಗಿರಣಿ ತಿರುಗಿ 82 ವರ್ಷಗಳ ನಂತರ. ಕಟ್ಟಿದವರು ಇಲ್ಲಿಯವರೇ.

ಗಿರಣಿಯ ಹಳೆಯ ಕಟ್ಟಡ, ತೂಗುಸೇತುವೆ ಉಳಿಯಬೇಕು. ಅಲ್ಲಿ ದುಡಿದ ತಲೆಮಾರುಗಳ ಬೆವರು ಅವುಗಳಲ್ಲಿದೆ. ಆದರೆ ಮಳೆಗಾಲದಲ್ಲಿ ಫಾಲ್ಸ್ ನೋಡಲು ಸಾವಿರಾರು ಜನ ಬರುವ ಜಾಗದಲ್ಲಿ ಪ್ರವಾಸೋದ್ಯಮ ಇಲಾಖೆ ಜಲಪಾತದ ಎತ್ತರ, ಗಿರಣಿಯ ವರ್ಷಗಳ ಜೊತೆಗೆ ಕಿತ್ತೂರು, ಇನಾಮು ಜಪ್ತಿ, ಹಲಗಲಿ, ಬರ, ಹತ್ತಿ ಸುಂಕಗಳ ಕಥೆಯನ್ನೂ ಕನ್ನಡದಲ್ಲಿ ಬರೆಸಿ ನಿಲ್ಲಿಸಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳು ಮಕ್ಕಳನ್ನು ಫಾಲ್ಸಿಗೆ ಕರೆತಂದ ವರ್ಷವೇ ಹಲಗಲಿಗೂ ಕರೆದೊಯ್ಯಲಿ.