ಬಾಗಿಲಿಗೆ ಬಂದವರಿಗೆ ಮತದ ಗುಟ್ಟು ಹೇಳಬೇಕೆ?

ಇಪ್ಪತ್ತು ತಿಂಗಳ ಅವಧಿಯಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಯ ನಾವು ಮೂರು ಬಾರಿ ಮತಗಟ್ಟೆಗೆ ಹೋಗಿ ಬಂದೆವು. 2024ರ ಮೇ 20ರಂದು ಲೋಕಸಭೆಗೆ, ಅದೇ ವರ್ಷದ ನವೆಂಬರ್ 20ರಂದು ವಿಧಾನಸಭೆಗೆ, 2026ರ ಜನವರಿ 15ರಂದು ಮಹಾನಗರಪಾಲಿಕೆಗೆ. ಪಾಲಿಕೆಯ ಚುನಾವಣೆಯಂತೂ ಕಲ್ಯಾಣ್-ಡೊಂಬಿವಲಿ ಹಾಗೂ ನವಿ ಮುಂಬಯಿಗೆ 2015ರ ಬಳಿಕ, ಥಾಣೆಗೆ 2017ರ ಬಳಿಕ ಬಂದದ್ದು. ಆದುದರಿಂದ ಬಾಗಿಲು ಬಡಿಯುವವರ ಉತ್ಸಾಹಕ್ಕೆ ಮಿತಿಯಿರಲಿಲ್ಲ. 2022 ಮತ್ತು 2023ರಲ್ಲಿ ಇಲ್ಲಿನ ಎರಡು ಪಕ್ಷಗಳು ಒಡೆದು ನಾಲ್ಕಾದ ಮೇಲೆ ಬಿಲ್ಲುಬಾಣದವರು, ಪಂಜಿನವರು, ಗಡಿಯಾರದವರು, ತುತಾರಿಯವರು ಎಂದು ಬೇರೆ ಬೇರೆ ತಂಡಗಳು ಬರತೊಡಗಿವೆ. ನಿನ್ನೆಯವರೆಗೆ ಒಂದೇ ಧ್ವಜ ಹಿಡಿದಿದ್ದ ಇಬ್ಬರು ನೆರೆಯವರು ಇಂದು ಎರಡು ಚಿಹ್ನೆ ಹಿಡಿದು ಒಂದೇ ಮನೆಯ ಮುಂದೆ ನಿಲ್ಲುತ್ತಾರೆ. ಅವರಲ್ಲಿ ಯಾರನ್ನೂ ನೋಯಿಸುವ ಮನಸ್ಸು ನಮಗಿಲ್ಲ.

ಹೀಗಾಗಿ ನಮ್ಮಲ್ಲಿ ಬಹುಮಂದಿ ಸುಲಭದ ದಾರಿ ಹಿಡಿದಿದ್ದೇವೆ. ಯಾರು ಬಂದರೂ "ನಿಮಗೇ, ನಿಮಗೇ" ಎನ್ನುವುದು. ನಾನೂ ಅದನ್ನೇ ಮಾಡಿದವನು. ಕಳೆದ ಚುನಾವಣೆಯ ಒಂದು ಭಾನುವಾರ ನಮ್ಮ ಡೊಂಬಿವಲಿಯ ಮನೆಗೆ ಮಧ್ಯಾಹ್ನದೊಳಗೆ ಮೂರು ತಂಡಗಳು ಬಂದವು. ಮೂರಕ್ಕೂ ಮಾತು ಕೊಟ್ಟು ಕಳುಹಿಸಿದೆ. ಒಳಗಿದ್ದ ಮಗಳು ಕೇಳಿದಳು: "ಪಪ್ಪಾ, ಮೂವರಿಗೂ ಹೇಗೆ ಹಾಕುತ್ತೀರಿ?" ಒಂದೊಂದು ಪ್ರಭಾಗದಿಂದ ನಾಲ್ವರನ್ನು ಆರಿಸುವ ಪದ್ಧತಿ ಈ ಬಾರಿ ಇದ್ದುದರಿಂದ, "ನಾಲ್ಕು ಮತಗಳಿವೆಯಲ್ಲ, ಹಂಚಿದರಾಯಿತು" ಎಂದು ನಕ್ಕು ತಪ್ಪಿಸಿಕೊಂಡೆ. ಅವಳು ನಗಲಿಲ್ಲ. ಅಂದು ಸಂಜೆ ಸಾಮಾಯಿಕಕ್ಕೆ ಕುಳಿತಾಗ ಆ ಪ್ರಶ್ನೆಯೇ ಎದುರಿಗಿತ್ತು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನ ಸತ್ಯಾಣುವ್ರತಕ್ಕೆ ಮೂರು ಎಲ್ಲೆಗಳನ್ನು ಹಾಕುತ್ತದೆ. ಸ್ಥೂಲವಾದ ಸುಳ್ಳನ್ನು ತಾನು ಆಡಬಾರದು, ಇತರರಿಂದ ಆಡಿಸಬಾರದು, ಆಪತ್ತು ತರುವಂತಹುದಾದರೆ ನಿಜವನ್ನೂ ಆಡಬಾರದು. ಬಾಗಿಲಲ್ಲಿ ನಿಂತ ಕಾರ್ಯಕರ್ತನ ಪ್ರಶ್ನೆಯನ್ನು ಈ ಮೂರರ ಮುಂದೆ ಇಟ್ಟು ನೋಡಿರಿ. ಎಲ್ಲರಿಗೂ ಹೂಂಗುಟ್ಟುವುದು ಮೊದಲನೆಯದಕ್ಕೆ ವಿರೋಧ. ಉತ್ತರಕ್ಕಾಗಿ ಒತ್ತಾಯಿಸುವವನು ಎರಡನೆಯದನ್ನು ಮೀರುತ್ತಿದ್ದಾನೆ. ನಿಜ ಹೇಳಿ ಮನೆಮಂದಿಯನ್ನೂ ನೆರೆಹೊರೆಯನ್ನೂ ಮನಸ್ತಾಪಕ್ಕೆ ಒಡ್ಡುವುದು ಮೂರನೆಯದಕ್ಕೆ ಹತ್ತಿರ. ಉಳಿಯುವುದು ವಚನಗುಪ್ತಿ. ಸುಳ್ಳನ್ನೂ ಆಡದೆ, ಗುಟ್ಟನ್ನೂ ಬಿಡದೆ, ವಿನಯದಿಂದ ಸುಮ್ಮನಿರುವುದು. ನಮ್ಮ ಮತವನ್ನು ಬಾಗಿಲಲ್ಲಿ ಯಾರಿಗೂ ಹೇಳಬಾರದು ಎಂಬುದೇ ನನ್ನ ವಾದ.

ಇದು ಕೇವಲ ಧರ್ಮಸೂಕ್ಷ್ಮವಲ್ಲ, ದೇಶದ ಕಾನೂನು ನಮಗೆ ಕೊಟ್ಟ ರಕ್ಷಣೆಯೂ ಹೌದು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 94ನೆಯ ಕಲಮಿನಂತೆ, ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾವ ಸಾಕ್ಷಿಯನ್ನೂ, ಬೇರೆ ಯಾವ ವ್ಯಕ್ತಿಯನ್ನೂ ಬಲವಂತಪಡಿಸುವಂತಿಲ್ಲ. 128ನೆಯ ಕಲಮಿನಂತೆ ಮತದ ಗುಟ್ಟನ್ನು ಕಾಯದ ಚುನಾವಣಾ ಸಿಬ್ಬಂದಿಗೆ ಮೂರು ತಿಂಗಳವರೆಗೆ ಸೆರೆವಾಸವಾಗಬಹುದು. ನ್ಯಾಯಾಧೀಶರ ಮುಂದೆಯೂ ಹೇಳಬೇಕಾಗಿಲ್ಲದ ಮಾತನ್ನು ಕರಪತ್ರ ಹಂಚಲು ಬಂದವನ ಮುಂದೆ ಹೇಳುವ ಅಗತ್ಯವೇನು?

"ಹೇಳುವುದೂ ನನ್ನ ಹಕ್ಕಲ್ಲವೆ?" ಎಂದು ಕೆಲವರು ಕೇಳುವರು. ಖಂಡಿತ ಹೌದು. ಗುಟ್ಟು ಮತದಾರನ ಸವಲತ್ತು, ಆತ ತಾನಾಗಿ ಅದನ್ನು ಬಿಟ್ಟುಕೊಡಬಹುದು ಎಂದು ಸರ್ವೋಚ್ಚ ನ್ಯಾಯಾಲಯ 1980ರಲ್ಲಿ, ರಘುಬೀರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಂದು ಪಕ್ಷದ ಧ್ವಜ ಹಿಡಿದು ಬೀದಿಗಿಳಿಯುವ ಯುವಕನ ಬಗ್ಗೆ ನನ್ನ ತಕರಾರಿಲ್ಲ. ಅದು ಆತನ ಆಯ್ಕೆ. ಆದರೆ ಕೈಯಲ್ಲಿ ಮತದಾರರ ಪಟ್ಟಿ, ಪಟ್ಟಿಯಲ್ಲಿ ನಮ್ಮ ಹೆಸರು, ಹೆಸರಿನ ಮುಂದೆ ಗುರುತು ಹಾಕಲು ಪೆನ್ನು ಹಿಡಿದು ನಾಲ್ವರು ನಿಂತಿರುವಾಗ, ಹಿಂದಿನಿಂದ ಸೊಸೈಟಿಯ ಸೆಕ್ರೆಟರಿಯೂ ನೋಡುತ್ತಿರುವಾಗ ಬಾಯಿಂದ ಬೀಳುವ ಮಾತು ತಾನಾಗಿ ಬಿಟ್ಟುಕೊಟ್ಟದ್ದು ಎನಿಸೀತೆ?

ನಮ್ಮ ವಿಷಯದಲ್ಲಿ ಆ ಗುರುತಿಗೆ ಇನ್ನಷ್ಟು ತೂಕವಿದೆ. ಪಟ್ಟಿಯಲ್ಲಿ 'ಜೈನ್' ಎಂದು ಕಂಡರೆ ಇವರು ವ್ಯಾಪಾರಿಗಳು, ಇಂತಹ ಪಕ್ಷದವರೇ ಎಂದು ಊಹೆ. 'ಶೆಟ್ಟಿ', 'ಹೆಗ್ಡೆ' ಎಂದಿದ್ದರೆ ದಕ್ಷಿಣದವರು, ಹೊರಗಿನವರು ಎಂಬ ಊಹೆ. ಬೆಳಗಾವಿ ಕಡೆಯ 'ಪಾಟೀಲ', 'ಉಪಾಧ್ಯೆ' ಆದರೆ ಮರಾಠಿಯವರೇ ಎಂಬ ಊಹೆ. ಈ ಊಹೆಗಳು ಊಹೆಗಳಾಗಿರುವವರೆಗೆ ನಮಗೆ ಹಾನಿಯಿಲ್ಲ. ನಾವೇ ಅವನ್ನು ದೃಢಪಡಿಸಿದೆವೆಂದರೆ ಒಂದು ಪಕ್ಷ ನಮ್ಮನ್ನು 'ಹೇಗೂ ನಮ್ಮವರು' ಎಂದು ಮರೆಯುತ್ತದೆ, ಮತ್ತೊಂದು 'ಎಂದೂ ನಮ್ಮವರಲ್ಲ' ಎಂದು ಮರೆಯುತ್ತದೆ.

"ಹೇಳದಿದ್ದರೆ ನಮ್ಮ ಕೆಲಸ ಯಾರು ಮಾಡಿಕೊಡುತ್ತಾರೆ?" ಎಂದು ಹಿರಿಯರು ಕೇಳುವುದಕ್ಕೆ ಉತ್ತರವೂ ಇದರಲ್ಲೇ ಇದೆ. ನೀರಿನ ಒತ್ತಡ ಕಡಿಮೆ, ಗಟಾರ ಕಟ್ಟಿದೆ, ರಸ್ತೆಯಲ್ಲಿ ಹೊಂಡ ಎಂದು ನಗರಸೇವಕರ ಕಚೇರಿಗೆ ಹೋದಾಗ, ಈ ಮನೆಯ ಮತ ಎಲ್ಲಿ ಬಿತ್ತೆಂದು ಆತನಿಗೆ ತಿಳಿಯದಿರುವುದೇ ನಮ್ಮ ಬಲ. ಮುಂದಿನ ಸಲ ಗೆಲ್ಲಬೇಕಾದವನು, ಗೊತ್ತಿಲ್ಲದ ಮತದಾರನನ್ನು ಒಲಿಸಿಕೊಳ್ಳಲೇಬೇಕು.

ಗುಟ್ಟು ಈಗಾಗಲೇ ತೆಳುವಾಗಿದೆ ಎಂಬುದನ್ನೂ ಮರೆಯಬಾರದು. ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮಗಳಲ್ಲಿ ಅವಕಾಶವಿತ್ತು. ಈಗ ಯಂತ್ರದಿಂದ ಮತಗಟ್ಟೆವಾರು ಲೆಕ್ಕ ಹೊರಬೀಳುತ್ತದೆ. 2024ರಲ್ಲಿ ನಮ್ಮ ಕಡೆಯ ದೊಡ್ಡ ವಸತಿ ಸಂಕೀರ್ಣಗಳ ಒಳಗೇ ಮತಗಟ್ಟೆಗಳನ್ನು ತೆರೆದದ್ದು ವೃದ್ಧರಿಗೆ ಉಪಕಾರವಾಯಿತು, ನಿಜ. ಆದರೆ ಆ ಕಟ್ಟಡಗಳವರು ಯಾರ ಕಡೆಗೆ ವಾಲಿದರು ಎಂಬುದೂ ಬಯಲಿಗೆ ಬಂದಂತಾಯಿತು. ಹಲವು ಯಂತ್ರಗಳ ಲೆಕ್ಕವನ್ನು ಕೂಡಿಸಿ ಹೇಳುವ 'ಟೋಟಲೈಸರ್' ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತು. ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಸಮರ್ಥಿಸಿತು. ಕಟ್ಟಡದ ಲೆಕ್ಕ ಬಯಲಾದ ಮೇಲೆ ಉಳಿದಿರುವುದು ಮನೆಯ ಗುಟ್ಟೊಂದೇ. ಅದನ್ನೂ ನಾವೇ ಕೈಯಾರೆ ಕೊಡುವುದೆ?

ಮನೆಯ ಒಳಗಿನ ಒಂದು ಮಾತನ್ನೂ ಹೇಳಲೇಬೇಕು. "ನಮ್ಮ ಮನೆಯಲ್ಲಿ ಐದು ಮತ, ಐದೂ ನಿಮಗೇ" ಎಂದು ಯಜಮಾನರು ಬಾಗಿಲಲ್ಲಿ ಘೋಷಿಸುವಾಗ ಅಡುಗೆಮನೆಯಲ್ಲಿರುವ ಹೆಂಡತಿಯನ್ನೂ ಸೊಸೆಯನ್ನೂ ಕೇಳಿರುವುದಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಲ್ಲದೆ ಸ್ವಂತ ಹೆಸರು ಕೊಡಲು ಅವರು ಒಪ್ಪಿರಲಿಲ್ಲ. ಎಪ್ಪತ್ತು ವರ್ಷ ದಾಟಿದ ಮೇಲೆ ಹೆಸರು ಬಂದಿದೆ, ಮತವನ್ನು ಮಾತ್ರ ಗಂಡನೋ ಮಾವನೋ ಘೋಷಿಸುತ್ತಿದ್ದಾರೆ. ಸಮ್ಯಗ್ದರ್ಶನ ಪ್ರತಿ ಜೀವಕ್ಕೂ ಸ್ವಂತದ್ದು ಎಂದು ಪ್ರವಚನದಲ್ಲಿ ತಲೆದೂಗುವ ನಾವು ಇದನ್ನು ಸಹಿಸುವುದು ಹೇಗೆ?

ಇದೇ ದೋಷ ದೊಡ್ಡದಾಗಿ ಬೆಳೆದರೆ ಸಮಾಜದ ಹೆಸರಿನಲ್ಲಿ ಮತ ಒಪ್ಪಿಸುವ ಕೆಟ್ಟ ಚಾಳಿಯಾಗುತ್ತದೆ. ಪೂಜೆಗೋ ವಾರ್ಷಿಕ ಸ್ನೇಹಕೂಟಕ್ಕೋ ನೆರೆದ ಬಂಧುಗಳ ನಡುವೆ ಅಭ್ಯರ್ಥಿಗೆ ಶಾಲು ಹೊದಿಸಿ, "ನಮ್ಮ ಸಮಾಜ ನಿಮ್ಮ ಬೆನ್ನಿಗಿದೆ" ಎನ್ನುವ ಪದಾಧಿಕಾರಿಗಳಿಗೆ ಆ ಅಧಿಕಾರವನ್ನು ಕೊಟ್ಟವರು ಯಾರು? ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚರಣೆ, ಮತದಾರನ ಧರ್ಮ-ಭಾಷೆಯನ್ನು ನೆಪ ಮಾಡಿ ಕೇಳಿದರೂ ಅದು ಭ್ರಷ್ಟಾಚರಣೆಯೇ ಎಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪಿತ್ತಿದೆ. ಬಸದಿಗೆ ಸ್ಥಳ ಬೇಕೆ, ಕನ್ನಡ ಶಾಲೆಗೆ ನೆರವು ಬೇಕೆ, ಎಲ್ಲ ಅಭ್ಯರ್ಥಿಗಳ ಮುಂದೂ ಒಂದೇ ಮನವಿಪತ್ರ ಇಡಿರಿ. ಬೇಡಿಕೆ ಸಮಾಜದ್ದಾಗಿರಲಿ, ಮತ ವ್ಯಕ್ತಿಯದ್ದಾಗಿರಲಿ.

ಬಾಗಿಲಿಗೆ ಬಂದವರನ್ನು ಒರಟಾಗಿ ಕಳುಹಿಸಿ ಎಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ಮಹಡಿ ಹತ್ತಿ ಬಂದವನಿಗೆ ನೀರು ಕೊಡಿರಿ, ಕರಪತ್ರ ತೆಗೆದುಕೊಳ್ಳಿರಿ, ನಮ್ಮ ಬೀದಿಯ ಗಟಾರಕ್ಕೆ ಏನು ಮಾಡುತ್ತೀರಿ ಎಂದು ಕೇಳಿರಿ. ಆತ "ಮತ ಯಾರಿಗೆ?" ಎಂದಾಗ ಕೈಮುಗಿದು ಒಂದೇ ಮಾತು: "ಮತದಾನ ಗುಪ್ತ ಅಸತೇ, ಭಾವೂ." ಪುನಃ ಕೇಳಿದರೂ ಅದೇ ಮಾತು. ಮುಂದಿನ ತಂಡಕ್ಕೂ ಅದೇ ಮಾತು.

ಮುಂದಿನ ಚುನಾವಣೆಗೆ ಮುನ್ನ ಪ್ರತಿ ಮನೆಯಲ್ಲೂ ಹಿರಿಯರು ಕಿರಿಯರು ಕೂಡಿ ಈ ನಿಯಮವನ್ನು ಮಾಡಿಕೊಳ್ಳಬೇಕೆಂದು ನನ್ನ ವಿನಂತಿ. ನಮ್ಮ ಮನೆಯಲ್ಲಿ ಮಾಡಿಕೊಂಡಿದ್ದೇವೆ. ಮಗಳು ಯಾರಿಗೆ ಮತ ಹಾಕಿದಳೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.