ಯಾವ ಸುಬ್ಬಣ್ಣ? ಯಾವ ಗಿರೀಶ?

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬರೀ ಹೆಸರು ಹೇಳಿದರೆ ಸಾಲದು, ಸೋದರಿಯರೆ. “ಸುಬ್ಬಣ್ಣ ಬಂದಿದ್ರು” ಅಂದರೆ “ಯಾವ ಸುಬ್ಬಣ್ಣ?” ಅಂತ ಮರುಪ್ರಶ್ನೆ ಬಂದೇ ಬರುತ್ತೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ ನಮ್ಮದು. ಊರಿನ ಹೆಸರೋ ಮನೆಯ ಹೆಸರೋ ಮುಂದೆ ಸೇರಿಸದಿದ್ದರೆ ಯಾರೂಂತ ತಿಳಿಯೋದಿಲ್ಲ. ಕೇರಿಯೊಳಗೆ ಇದು ನಗೆಯ ವಿಷಯ. ಹತ್ತು ಜನಕ್ಕೆ ಗೊತ್ತಿರುವ ಕಲಾವಿದರ ವಿಷಯಕ್ಕೆ ಬಂದರೆ ಮಾತ್ರ ಒಬ್ಬರ ದುಡಿಮೆ ಇನ್ನೊಬ್ಬರ ಲೆಕ್ಕಕ್ಕೆ ಜಮಾ ಆಗಿಬಿಡುತ್ತೆ.

ಸುಬ್ಬಣ್ಣನವರನ್ನೇ ತಗೊಳ್ಳಿ. ಸಾಗರದ ಹತ್ತಿರ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ನಾಟಕದವರು. ನೀನಾಸಂ ಕಟ್ಟಿ, ಅಡಿಕೆ ಬೆಳೆಯುವ ಹಳ್ಳಿಗೆ ದೇಶದೇಶದ ನಾಟಕ, ಸಿನಿಮಾ ತಂದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2005ರಲ್ಲಿ ತೀರಿಕೊಂಡರು. ಶಿವಮೊಗ್ಗ ಸುಬ್ಬಣ್ಣ ಹಾಡುಗಾರರು, ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು. ಮೂಲ ಹೆಸರು ಸುಬ್ರಹ್ಮಣ್ಯ, ಓದಿದ್ದು ವಕೀಲಿ. ‘ಕಾಡು ಕುದುರೆ’ ಚಿತ್ರದ ಹಾಡಿಗೆ 1978ರ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದ ಹಿನ್ನೆಲೆ ಗಾಯಕರಲ್ಲಿ ಅದು ಮೊದಲು ಸಿಕ್ಕಿದ್ದು ಅವರಿಗೇ. 2022ರಲ್ಲಿ ಅವರೂ ಹೋದರು. ಹುಟ್ಟಿದೂರನ್ನೇ ಹೆಸರಿನ ಮುಂದೆ ಹಾಕಿಕೊಂಡು ‘ನಗರ ಸುಬ್ಬಣ್ಣ’ ಆಗಿದ್ದರೆ “ಯಾವ ನಗರ?” ಅಂತ ಇನ್ನೊಂದು ಪ್ರಶ್ನೆ ಹುಟ್ಟುತ್ತಿತ್ತು ಬಿಡಿ!

ಗಿರೀಶರ ಗೋಜಲು ಇದಕ್ಕಿಂತ ಹೆಚ್ಚು. ಗಿರೀಶ ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನವರು, ಹೆಗ್ಗೋಡಿನ ಸುಬ್ಬಣ್ಣ ಅವರ ಸೋದರಮಾವ. ಗಿರೀಶ ಕಾರ್ನಾಡರು ನಮ್ಮ ಜಿಲ್ಲೆಯವರಲ್ಲ. ಆದರೆ ಇಬ್ಬರ ಹೆಸರೂ ಸಿನಿಮಾದಲ್ಲಿ ಬೆಳಗಿದ್ದು ತೀರ್ಥಹಳ್ಳಿ ಮಣ್ಣಿನ ಅನಂತಮೂರ್ತಿಯವರ ಕಥೆಗಳಿಂದ. ಕಾರ್ನಾಡರು 1970ರ ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರಾದರು. ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ನಿರ್ದೇಶಿಸಿದರು. ಎರಡಕ್ಕೂ ಸ್ವರ್ಣಕಮಲ ಬಂತು. ಅರಿಶಿನ ಕುಂಕುಮಕ್ಕೆ ಸೇರಿದಾಗ ಇದೇ ಮಾತು ಬಂದು, ‘ಕಾನೂರು ಹೆಗ್ಗಡಿತಿ’ ತೆಗೆದವರು ಕಾಸರವಳ್ಳಿ ಅಂತ ಪಕ್ಕದ ಮನೆಯ ಅತ್ತಿಗೆ ಪಣ ಕಟ್ಟಿದರು. ಕಾದಂಬರಿ ಕುಪ್ಪಳಿಯ ಕುವೆಂಪು ಅವರದು, ಕಥೆ ಮಲೆನಾಡಿನದು, ಅಂದ ಮೇಲೆ ಇನ್ಯಾರು ಅಂತ ಅವರ ವಾದ. ತೆಗೆದವರು ಕಾರ್ನಾಡರು, 1999ರಲ್ಲಿ. ಅತ್ತಿಗೆ ಒಂದು ಡಬ್ಬ ಕೋಡುಬಳೆ ಸೋತರು. ಊರಭಿಮಾನ ಒಳ್ಳೆಯದೇ, ಆದರೆ ಕಾರ್ನಾಡರು ಪಟ್ಟ ಶ್ರಮ ಅವರಿಗೇ ಸೇರಬೇಕಲ್ಲವೆ? ಕಾಸರವಳ್ಳಿಯವರಿಗೆ ನಾಲ್ಕು ಸಲ ಸ್ವರ್ಣಕಮಲ ಬಂದಿದೆ, ಐದನೆಯದನ್ನು ನಾವು ಕೊಡಿಸಬೇಕಾಗಿಲ್ಲ.

ಸಾವಿನಲ್ಲೂ ಈ ಗೊಂದಲ ತಪ್ಪಲಿಲ್ಲ. ಭಾವಗೀತೆಗಳ ಸಿ. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಕೆ.ಎಸ್. ಅಶ್ವಥ್ ಹೋದದ್ದು 2010ರ ಜನವರಿ 18ಕ್ಕೆ. ಮೂರು ವಾರದೊಳಗೆ ಇಬ್ಬರು ಅಶ್ವಥ್! ಎರಡನೆಯ ಸುದ್ದಿ ಬಂದಾಗ ನಮ್ಮ ಬೀದಿಯಲ್ಲೇ ಕೆಲವರು “ಅದು ಆಗಲೇ ಗೊತ್ತಲ್ಲ” ಅಂದರು. ಅಷ್ಟು ದೊಡ್ಡ ನಟನಿಗೆ ಒಂದು ‘ಅಯ್ಯೋ’ ಕೂಡ ದಕ್ಕಲಿಲ್ಲ.

ಆಟದವರಲ್ಲೂ ಇದ್ದಾರೆ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ತಮ್ಮ ಮೊದಲ ಟೆಸ್ಟ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಸರದಿಯಲ್ಲಿ 137 ಹೊಡೆದವರು. 1985ರಲ್ಲಿ ಆಸ್ಟ್ರೇಲಿಯದಲ್ಲಿ ವಿಕೆಟ್ ಕಾಯ್ದವರು ಸದಾನಂದ ವಿಶ್ವನಾಥ್. ಈಗಿನ ಮಕ್ಕಳಿಗಂತೂ ರಾಹುಲ್ ಅಂದರೆ ದ್ರಾವಿಡೋ, ಕೆ.ಎಲ್. ರಾಹುಲೋ ಕೇಳಬೇಕು. ಇಬ್ಬರೂ ಬ್ಯಾಟೂ ಹಿಡಿದವರು, ವಿಕೆಟ್ಟೂ ಕಾಯ್ದವರು.

ಕೊರಿಯಾ ದೇಶದ ಪಾಡು ನೋಡಿದರೆ ನಮ್ಮದೇ ವಾಸಿ. ಅಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಕಿಮ್, ಲೀ, ಪಾರ್ಕ್ ಎಂಬ ಮೂರೇ ಮನೆತನದ ಹೆಸರು. 2010ರ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೆ ಜಾರುತ್ತಾ ಕುಣಿದು ಚಿನ್ನ ಗೆದ್ದ ಹುಡುಗಿ ಕಿಮ್ ಯುನಾ. ‘ಜೌರಿಮ್’ ಎಂಬ ವಾದ್ಯತಂಡದ ಗಾಯಕಿ ಕಿಮ್ ಯೂನ್‌ಆ. ಅವರ ಲಿಪಿಯಲ್ಲಿ ಅಕ್ಷರ ಬೇರೆ ಬೇರೆ, ನಮ್ಮ ಕಿವಿಗೆ ಎರಡೂ ಒಂದೇ. ಆದರೆ ಅಲ್ಲಿಯ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಾರಂತೆ. ಇದು ನನಗೆ ಬಹಳ ಹಿಡಿಸಿತು.

ಯಾಕೆಂದರೆ ನಮ್ಮಲ್ಲಿ ಗಂಡಸರು ಒಂದೇ ಹೆಸರಿನವರಾದರೆ ಮುಂದೆ ಊರು ಸೇರಿಸುತ್ತಿದ್ದರು. ಹೆಂಗಸರದಾದರೆ ಹೆಸರನ್ನೇ ತೆಗೆದುಬಿಡುತ್ತಿದ್ದರು. ನಮ್ಮ ದೊಡ್ಡಮ್ಮ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಅವರದೇ ಹೆಸರಿನ ಓರಗಿತ್ತಿ ಇದ್ದರಂತೆ. ಕೂಗುವಾಗ ತೊಡಕಾಗುತ್ತೆ ಅಂತ ಚಿಕ್ಕವರಿಗೆ ಬೇರೆ ಹೆಸರಿಟ್ಟರು. ಶಾಲೆಯಲ್ಲಿ ಹಾಡಿಗೆ ಮೊದಲ ಬಹುಮಾನವಾಗಿ ಬಂದ ಹಿತ್ತಾಳೆಯ ಲೋಟ ಅವರ ಪೆಟ್ಟಿಗೆಯಲ್ಲಿತ್ತು, ಅದರ ಮೇಲೆ ತವರಿನ ಹೆಸರು ಕೆತ್ತಿತ್ತು. ಮನೆಯ ಮಕ್ಕಳೆಲ್ಲ ಅದು ದೊಡ್ಡ ಓರಗಿತ್ತಿಗೆ ಬಂದ ಬಹುಮಾನ ಅಂತಲೇ ತಿಳಿದಿದ್ದರು. ದೊಡ್ಡಮ್ಮ ತಿದ್ದಲೂ ಇಲ್ಲ.

ನಿಮ್ಮ ಮನೆಗಳಲ್ಲೂ ಹೀಗೆ ಹೆಸರು ಕಳಕೊಂಡ ಅತ್ತೆ, ಚಿಕ್ಕಮ್ಮ, ಅಜ್ಜಿ ಇದ್ದರೆ ತವರಿನ ಹೆಸರೇನು, ಆ ಹೆಸರಲ್ಲಿ ಏನೇನು ಮಾಡಿದ್ದರು ಅಂತ ಕೇಳಿ, ನಮಗೂ ಬರೆದು ಕಳಿಸಿ.