ವರದಿ ಎರಡಾದರೆ ಬ್ಲಾಕ್ ಕೇಳಿ

ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಸ್ತನ ಕ್ಯಾನ್ಸರ್ ಚಿಕಿತ್ಸೆಗೆಂದು ಪುಣೆಗೆ ಬರುವ ನಮ್ಮವರ ಫೈಲಿನಲ್ಲಿ ಎಷ್ಟೋ ಸಲ ಎರಡು ವರದಿ ಇರುತ್ತವೆ. ಊರಲ್ಲಿ ಸೂಜಿ ಹಾಕಿ ತೆಗೆದ ಚೂರಿಗೆ ಹರ್-2 ಎಂಬ ಪ್ರೋಟೀನ್ ನೆಗೆಟಿವ್ ಎಂದು ಬರೆದಿರುತ್ತದೆ. ಇಲ್ಲಿ ಆಪರೇಷನ್ ಮಾಡಿ ತೆಗೆದ ಗಡ್ಡೆಗೆ ಪಾಸಿಟಿವ್. "ಅಣ್ಣಾರ, ಇದರಾಗ ಯಾವುದು ಖರೇ?" ಎಂದು ಮನೆಯವರು ಕೇಳುತ್ತಾರೆ. ಖರ್ಚು ಕಡಿಮೆ ಇರುವ ವರದಿಯನ್ನೇ ನಂಬಬಹುದೇ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ದಯವಿಟ್ಟು ಹಾಗೆ ಆರಿಸಬೇಡಿ. ಹರ್-2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಕಡಿಮೆ ಬೆಲೆಯ ರೂಪವನ್ನು ತಂದ ಮೇಲೂ ಬಡ ಮನೆಗೆ ಅದು ಭಾರವೇ. ಆದರೆ ಬೇಕಾದವಳಿಗೆ ಅದು ತಪ್ಪಿದರೆ ರೋಗ ಮರಳುವ ಅಪಾಯ ಹೆಚ್ಚುತ್ತದೆ. ಬೇಡದವಳಿಗೆ ಕೊಟ್ಟರೆ ಹಣವೂ ಹೋಗುತ್ತದೆ, ಹೃದಯಕ್ಕೂ ತೊಂದರೆಯಾಗಬಹುದು.

ವರದಿಗಳು ಬೇರೆಯಾಗಲು ಯಾರದೋ ಅಪ್ರಾಮಾಣಿಕತೆಯೇ ಕಾರಣವಾಗಬೇಕಿಲ್ಲ. ಒಂದೇ ಗಡ್ಡೆಯಲ್ಲಿ ಬೇರೆ ಬೇರೆ ಗುಣದ ಕೋಶಗಳಿರುತ್ತವೆ. ಸೂಜಿ ತಾಗಿದ್ದು ಒಂದು ಮೂಲೆಗೆ ಮಾತ್ರ. ತೆಗೆದ ಚೂರು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬಿದ್ದು, ಅದರಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಬೇಕೆಂಬುದು ನಿಯಮ. ತಾಲೂಕಿನಲ್ಲಿ ಬಯಾಪ್ಸಿ ಮಾಡಿ, ಬಾಟಲಿಯನ್ನು ಮನೆಯವರ ಕೈಗೆ ಕೊಟ್ಟು ಬಸ್ಸಿನಲ್ಲಿ ಕಳಿಸುವ ಕಡೆ ಈ ಲೆಕ್ಕ ಇಟ್ಟವರು ಯಾರು? ನನ್ನ ಸಿಟ್ಟು ಇರುವುದು ಇಲ್ಲಿ. ಇನ್ನು ಹರ್-2 ಎದುರು '2+' ಎಂದು ಬಂದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅದಕ್ಕೆ ಜೀನನ್ನೇ ನೋಡುವ ಫಿಶ್ ಪರೀಕ್ಷೆ ಆಗಲೇಬೇಕು. ಅದನ್ನು ಮಾಡಿಸದೆಯೇ ಕೀಮೋ ಶುರುವಾದ ಫೈಲುಗಳಿವೆ.

ಆದ್ದರಿಂದ ಮೊದಲು ಬ್ಲಾಕ್ ಕೇಳಿ. ಮೇಣದಲ್ಲಿ ಕೂರಿಸಿದ ಆ ಗಡ್ಡೆಯ ಚೂರು ಲ್ಯಾಬಿನಲ್ಲೇ ಇರುತ್ತದೆ, ಸಹಿ ಹಾಕಿ ಪಡೆಯಬಹುದು. ಎರಡೂ ಕಡೆಯ ಬ್ಲಾಕುಗಳನ್ನು ಸ್ತನ ಕ್ಯಾನ್ಸರ್ ಹೆಚ್ಚು ನೋಡುವ ಒಬ್ಬರೇ ಪೆಥಾಲಜಿಸ್ಟ್ ಮುಂದಿಡಿ. ಇದೇ ಪುಣೆಯಲ್ಲಿ ಐಸರ್ ಎಂಬ ವಿಜ್ಞಾನ ಸಂಸ್ಥೆ ಮತ್ತು ಪ್ರಶಾಂತಿ ಕ್ಯಾನ್ಸರ್ ಕೇರ್ ಮಿಷನ್ ಕೂಡಿ ಸಂಶೋಧನಾ ಕೇಂದ್ರ ನಡೆಸುತ್ತಿವೆ; ಸಂಶೋಧನೆಗಾಗಿ ರೋಗಿಗಳ ಗಡ್ಡೆಯ ಮಾದರಿಗಳನ್ನು ಜೋಪಾನ ಮಾಡುವ ಬಯೋಬ್ಯಾಂಕ್ ಕೂಡ ಇಲ್ಲಿದೆ. ವಿಜ್ಞಾನಿಗಳು ಇಷ್ಟು ಬೆಲೆ ಕೊಡುವ ಚೂರನ್ನು ನಾವು ಲ್ಯಾಬಿನಲ್ಲೇ ಮರೆತು ಬರುತ್ತೇವೆ.

ಕೀಮೋ ಬೇಕೇ ಬೇಡವೇ ಎಂದು ಹೇಳುವ ದುಬಾರಿ ಪರೀಕ್ಷೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಅಮೆರಿಕದ ಆಂಕೋಟೈಪ್ 21 ಜೀನುಗಳನ್ನು ನೋಡುತ್ತದೆ. ಬೆಂಗಳೂರಿನ ಆಂಕೋಸ್ಟೆಮ್ ಕಂಪನಿಯ ಕ್ಯಾನ್‌ಅಸಿಸ್ಟ್ 5 ಪ್ರೋಟೀನುಗಳ ಜೊತೆಗೆ ಗಡ್ಡೆಯ ಅಳತೆ, ಗ್ರೇಡ್, ಕಂಕುಳ ಗ್ರಂಥಿಗಳ ಸ್ಥಿತಿಯನ್ನು ಸೇರಿಸಿ ಲೆಕ್ಕ ಹಾಕುತ್ತದೆ. ನೋಡುವುದು ಬೇರೆಯಾದ ಮೇಲೆ ಉತ್ತರವೂ ಬೇರೆಯಾಗಬಹುದು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಆಪ್ಟಿಮಾ ಅಧ್ಯಯನದಲ್ಲಿ 302 ರೋಗಿಗಳ ಗಡ್ಡೆಗಳನ್ನು ಇಂಥ ಹಲವು ಪರೀಕ್ಷೆಗಳಿಗೆ ಒಡ್ಡಿದರು. ನೂರಕ್ಕೆ 60ರಷ್ಟು ಗಡ್ಡೆಗಳ ವಿಷಯದಲ್ಲಿ ಐದು ಪರೀಕ್ಷೆಗಳು ಒಮ್ಮತಕ್ಕೆ ಬರಲಿಲ್ಲ. ಮೊದಲನೆಯದು ಒಪ್ಪಿಗೆಯಾಗಲಿಲ್ಲವೆಂದು ಹೊಲ ಮಾರಿ ಎರಡನೆಯದನ್ನು ಮಾಡಿಸುವ ಮುಂಚೆ ಇದನ್ನು ತಿಳಿದಿರಬೇಕು. ಎರಡನೆಯದು ಹೇಳುವುದರಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಬದಲಾಗದಿದ್ದರೆ ಆ ದುಡ್ಡು ಉಳಿಯಲಿ.

ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್, ಪೆಥಾಲಜಿಸ್ಟ್ ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. ನಿಮ್ಮ ಕೇಸನ್ನು ಅಲ್ಲಿಡಲು ಕೇಳಿ. ಯಾವ ವರದಿಯನ್ನು ಏಕೆ ಒಪ್ಪಿದರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಮರುಪರೀಕ್ಷೆಗೆ ಕೆಲವು ದಿನ ಹಿಡಿಯುತ್ತದೆ; ಎಷ್ಟು ದಿನ ಕಾಯಬಹುದೆಂದು ಅವರಿಂದಲೇ ಹೇಳಿಸಿಕೊಳ್ಳಿ. ಮರಾಠಿ, ಇಂಗ್ಲಿಷ್ ಬಾರದ ತಾಯಿಯ ಜೊತೆ ಕನ್ನಡ ಬಲ್ಲ ಒಬ್ಬರು ಆ ಕೋಣೆಯಲ್ಲಿ ಇರಲಿ. ಪುಣೆಯಲ್ಲಿ ಅಂಥವರಿಗೆ ಬರವಿಲ್ಲ, ಫೋನ್ ಮಾಡಿ ಕರೆಯಿರಿ.